ಹದಿನಾಲ್ಕನೇ ಬಿಂದುವಿನ ಹಾಲಕ್ಕಿ

ಹಕ್ಕಿ ಎಷ್ಟು ಜೋರಾಗಿ ಕೂಗುತ್ತದೋ ಯಂತ್ರವೂ ಅಷ್ಟೇ ಜೋರಾಗಿ ಕೂಗಬೇಕು ಎಂಬುದು ನಮ್ಮ ಮೊದಲ ನಿಯಮವಾಗಿತ್ತು. ಅದನ್ನು ಹೊಂದಿಸುವುದಕ್ಕೇ ನನಗೆ ನಾಲ್ಕು ಸಂಜೆ ಬೇಕಾಯಿತು. ಶಿವಮೊಗ್ಗದಲ್ಲಿ ನಮ್ಮ ಕಾಲೇಜಿನ ಹಿಂದೆ ಒಂದು ಹಳೆಯ ಮಾವಿನಮರ, ಅದರ ಪೊಟರೆಯಲ್ಲಿ ಒಂದು ಜೋಡಿ ಹಾಲಕ್ಕಿ. ಅವು ಕೂಗಲು ಶುರು ಮಾಡಿದ ಕೂಡಲೇ ನಾನು ನೂರು ಹೆಜ್ಜೆ ದೂರ ಹೋಗಿ ನಿಂತು ಕೇಳುತ್ತಿದ್ದೆ. ಅವು ಸುಮ್ಮನಾದ ಮೇಲೆ ಅಟೆಂಡರ್ ಅದೇ ಮರದ ಕೆಳಗೆ ಟೇಪ್ ರೆಕಾರ್ಡರ್ ಹಾಕುತ್ತಿದ್ದರು. ನಾನು ದೂರದಿಂದಲೇ ಕೈ ಎತ್ತಿ "ಇನ್ನೂ ಜಾಸ್ತಿ, ಇನ್ನೂ ಜಾಸ್ತಿ" ಎಂದು ಸನ್ನೆ ಮಾಡುತ್ತಿದ್ದೆ. ಕೊನೆಗೆ ಎರಡೂ ಸಮನಾದವು ಅನ್ನಿಸಿದಾಗ ಅಟೆಂಡರ್ ಒಂದು ಕಿವಿಗೆ ಬೆರಳಿಟ್ಟುಕೊಂಡಿದ್ದರು.

"ಒಂದು ಹಿಡಿ ಇಲ್ಲ ಈ ಹಕ್ಕಿ. ಇಷ್ಟು ಗಂಟಲು ಎಲ್ಲಿಟ್ಕೊಂಡಿರುತ್ತೆ ಮೇಡಂ?" ಎಂದರು.

ಹಾಲಕ್ಕಿ ಎಂದರೆ ಗೊರವಂಕಕ್ಕಿಂತ ಉದ್ದವೇನೂ ಇಲ್ಲದ ಗೂಬೆ. ಬೂದುಕಂದು ಮೈ, ಅದರ ಮೇಲೆ ಬಿಳಿ ಚುಕ್ಕೆ, ಹಳದಿ ಕಣ್ಣು. ಮನುಷ್ಯರನ್ನು ಕಂಡರೆ ತಲೆಯನ್ನು ಮೇಲೆ ಕೆಳಗೆ ಆಡಿಸಿ ಅಳೆಯುತ್ತದೆ. ಆದರೆ ಮುಸ್ಸಂಜೆಯಲ್ಲಿ ಎರಡು ಸೇರಿ ಬಾಯಿ ಬಿಟ್ಟರೆ ನಾಲ್ಕು ಮನೆಯವರು ಒಟ್ಟಿಗೆ ಜಗಳಕ್ಕೆ ನಿಂತಂತೆ ಕೇಳುತ್ತದೆ. ಮೊದಲು ಕಿರ್ರ್ ಕಿರ್ರ್ ಎಂಬ ಒರಟು ಕೂಗು, ಮೇಲೆ ಚಿವಕ್ ಚಿವಕ್ ಎಂದು ಚುಚ್ಚುವ ದನಿ. ಎಂ.ಎಸ್ಸಿ. ಮುಗಿಸಿದ ವರ್ಷ, ತೊಂಬತ್ತರ ದಶಕದ ಕೊನೆಗೆ, ಶಿವಮೊಗ್ಗ ಮತ್ತು ಭದ್ರಾವತಿಯ ಹಳೆಯ ಬಡಾವಣೆಗಳಲ್ಲಿ ಈ ಹಕ್ಕಿಗಳು ಎಷ್ಟು ಉಳಿದಿವೆ ಎಂದು ಎಣಿಸುವ ತಾತ್ಕಾಲಿಕ ಕೆಲಸ ನನಗೆ ಸಿಕ್ಕಿತು. ಕೆಲಸ ಕೊಟ್ಟವರು ನನಗೆ ಪಾಠ ಹೇಳಿದ್ದ ಪ್ರಾಣಿಶಾಸ್ತ್ರದ ಮೇಷ್ಟ್ರು.

ವಿಧಾನ ಸರಳ. ನಕಾಶೆಯ ಮೇಲೆ ಇನ್ನೂರು ಮೀಟರಿಗೊಂದು ಬಿಂದು. ಪ್ರತಿ ಬಿಂದುವಿನಲ್ಲಿ ಎರಡು ನಿಮಿಷ ಮೌನ, ಒಂದು ನಿಮಿಷ ಟೇಪಿನ ಕೂಗು, ಮತ್ತೆ ಮೂರು ನಿಮಿಷ ಕೇಳುವುದು. ತನ್ನ ಜಾಗಕ್ಕೆ ಬೇರೆ ಹಕ್ಕಿ ಬಂತೆಂದು ತಿಳಿದು ಅಲ್ಲಿನ ಹಾಲಕ್ಕಿ ಉತ್ತರ ಕೊಡುತ್ತದೆ. ಕೊಟ್ಟ ದಿಕ್ಕು, ಅಂದಾಜು ದೂರ, ಹೊತ್ತು, ಇಷ್ಟನ್ನು ನಮೂನೆಯಲ್ಲಿ ಬರೆಯಬೇಕು. ಒಂದೊಂದು ಬಿಂದುವಿಗೂ ಬೇರೆ ಬೇರೆ ಸಂಜೆ ಮೂರು ಸಲ ಹೋಗಬೇಕು. ಕೂಗಿಸಲು ಒಂದು ದೊಡ್ಡ ಟೇಪು, ಉತ್ತರವನ್ನು ಹಿಡಿಯಲು ಹೆಗಲಿಗೆ ತೂಗುಹಾಕಿದ ಇನ್ನೊಂದು ಸಣ್ಣ ರೆಕಾರ್ಡರು.

ಮೊದಲ ವಾರ ಒಂದು ಹಕ್ಕಿಯೂ ಉತ್ತರ ಕೊಡಲಿಲ್ಲ. ಬೆಳಗಿನ ಹೊತ್ತು ನೋಡೋಣವೆಂದು ಒಂದು ದಿನ ಐದು ಗಂಟೆಗೆದ್ದು ಹೊಸಮನೆ ಬಡಾವಣೆಯ ನಮ್ಮ ಮನೆಯಿಂದ ಅಪ್ಪನ ಜೊತೆ ಸ್ಕೂಟರಿನಲ್ಲಿ ಕೋಟೆಗೆ ಹೋದೆ. ಅಪ್ಪ ಸ್ಕೂಟರ್ ಮೇಲೆಯೇ ಕೂತು ತೂಕಡಿಸುತ್ತಿದ್ದರು. ನಾನು ಅರಳಿಮರದ ಕೆಳಗೆ ಹೋಗಿ ನಿಂತೆ. ಅಲ್ಲಿ ಆಗಲೇ ಒಬ್ಬರು ನಿಂತಿದ್ದರು. ಹತ್ತು ಬಣ್ಣದ ತೇಪೆ ಹಾಕಿದ ಕೋಟು, ತಲೆಗೆ ರುಮಾಲು, ಕೈಯಲ್ಲಿ ಅಂಗೈಯಗಲದ ಬುಡಬುಡಿಕೆ. ಮುಖ ಮೇಲೆತ್ತಿ ಮರದತ್ತ ಕಿವಿಕೊಟ್ಟಿದ್ದರು. ನನ್ನ ಟೇಪು, ನಮೂನೆಯ ಹಲಗೆ, ದಿಕ್ಸೂಚಿ ಎಲ್ಲವನ್ನೂ ಒಂದು ಸಲ ನೋಡಿ ಕೇಳಿದರು:

"ನೀವೂ ಇದೇ ಕಸುಬಾ ತಾಯಿ?"

ನಗು ತಡೆಯಲಾಗಲಿಲ್ಲ. ಅವರ ಮನೆತನವೇ ಹಾಲಕ್ಕಿಯ ಮಾತನ್ನು ಊರಿಗೆ ಹೇಳುವವರದು. ನಸುಕಿನಲ್ಲಿ ಹಕ್ಕಿ ಯಾವ ಕಡೆ, ಎಷ್ಟು ಸಲ ಕೂಗಿತೆಂದು ಕೇಳಿಕೊಂಡು, ಬುಡಬುಡಿಕೆ ಆಡಿಸುತ್ತಾ ಮನೆ ಮುಂದೆ ನಿಂತು ಶಕುನ ನುಡಿಯುತ್ತಾರೆ. ಬಿಸಿಲೇರಿದ ಮೇಲೆ ಅದೇ ಮನೆಗಳಿಗೆ ಬಂದು ಅಕ್ಕಿಯೋ ಹಳೇ ಬಟ್ಟೆಯೋ ಪಡೆಯುತ್ತಾರೆ. ಶಿವಮೊಗ್ಗ, ಭದ್ರಾವತಿಯ ಯಾವ ಬೀದಿಯ ಯಾವ ಮರದಲ್ಲಿ ಯಾವ ಜೋಡಿ ಇದೆ ಎಂಬುದು ಇವರಿಗೆ ಬಾಯಿಪಾಠ. ಮೇಷ್ಟ್ರನ್ನು ಒಪ್ಪಿಸಿ ಅವರನ್ನು ದಿನಗೂಲಿಯ ಮೇಲೆ ಜೊತೆಗಿಟ್ಟುಕೊಂಡೆ. ಅವರನ್ನು ಯಜಮಾನರು ಎಂದೇ ಕರೆಯುತ್ತಿದ್ದೆ.

ಯಜಮಾನರಿಗೆ ದಿಕ್ಸೂಚಿ ಬೇಡವಾಗಿತ್ತು. ನಾನು ಬಿಂದುವಿನಲ್ಲಿ, ಅವರು ಐವತ್ತು ಹೆಜ್ಜೆ ಆಚೆ. ಹಕ್ಕಿ ಉತ್ತರ ಕೊಟ್ಟ ಕೂಡಲೇ ಅವರು ತಮ್ಮ ಊರುಗೋಲನ್ನು ಆ ದಿಕ್ಕಿಗೆ ನೆಲದ ಮೇಲೆ ಮಲಗಿಸುತ್ತಿದ್ದರು. ಆಮೇಲೆ ನಾನು ಹೋಗಿ ಆ ಕೋಲಿನ ಮೇಲೆ ದಿಕ್ಸೂಚಿ ಇಟ್ಟು ಎಷ್ಟು ಡಿಗ್ರಿ ಎಂದು ಬರೆದುಕೊಳ್ಳುತ್ತಿದ್ದೆ. ನನ್ನ ಗೆರೆ, ಅವರ ಗೆರೆ ನಕಾಶೆಯಲ್ಲಿ ಎಲ್ಲಿ ಕೂಡುತ್ತವೋ ಅಲ್ಲಿ ಪೊಟರೆ. ಹಗಲು ಹೋಗಿ ನೋಡಿದರೆ ಮರ ಅಲ್ಲೇ ಇರುತ್ತಿತ್ತು.

ಅವರು ಬಂದ ಮೇಲೆ ಒಂದು ಸಂಜೆಯ ಆರು ಬಿಂದುಗಳಲ್ಲೂ ಉತ್ತರ ಬರತೊಡಗಿತು. ಆರಕ್ಕೆ ಆರು. ಮಾರನೆಯ ಸಂಜೆಯೂ ಆರಕ್ಕೆ ಆರು. ನನಗೆ ಸಂಶಯ ಹುಟ್ಟಿದ್ದು ಅಲ್ಲಿ. ಮೊದಲ ವಾರ ಸೊನ್ನೆ ಇದ್ದದ್ದು ಈಗ ತುಂಬಿ ತುಳುಕುವುದೆಂದರೇನು? ಅವರು ಬಿಡುವಿನಲ್ಲಿ ಹಾಲಕ್ಕಿಯ ಕೂಗನ್ನು ಅನುಕರಿಸಿ ತೋರಿಸುತ್ತಿದ್ದರು. ಕಣ್ಣು ಮುಚ್ಚಿಕೊಂಡರೆ ಹಕ್ಕಿಯೇ. ಉತ್ತರ ಬಂದಷ್ಟೂ ದಿನ ಕೂಲಿ ಮುಂದುವರಿಯುತ್ತದೆಂದು ಇವರೇ ಕತ್ತಲಲ್ಲಿ ನಿಂತು ಕೂಗುತ್ತಿರಬಹುದಲ್ಲ? ಮೇಷ್ಟ್ರಿಗೆ ಹೇಳಿದೆ. "ಸಂಶಯ ಬಂದ್ರೆ ಪರೀಕ್ಷೆ ಮಾಡು" ಎಂದರು.

ಪರೀಕ್ಷೆ ನಾನೇ ಯೋಚಿಸಿದ್ದು. ಮಾರನೆಯ ದಿನ ಬಿಂದುವಿಗೆ ಹೋದಾಗ ನನ್ನ ನೀರಿನ ಬಾಟಲಿ ಅವರ ಕೈಗೆ ಕೊಟ್ಟೆ.

"ಯಜಮಾನ್ರೇ, ಟೇಪು ನಿಲ್ಸಿದ ಮೇಲೆ ಮೂರು ನಿಮಿಷ ಬಾಯಲ್ಲಿ ನೀರಿಟ್ಕೊಂಡಿರ್ಬೇಕು. ನುಂಗಬಾರ್ದು. ಆಮೇಲೆ ನನ್ನ ಮುಂದೆ ಉಗುಳ್ಬೇಕು."

"ಯಾಕೆ ತಾಯಿ?"

"ಉಸಿರಿನ ಸದ್ದು ರೆಕಾರ್ಡಿಗೆ ಬರುತ್ತೆ."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ, ಮೀಸೆ ದಪ್ಪ. ನೀರು ತುಂಬಿಕೊಂಡು ಕೆನ್ನೆ ಉಬ್ಬಿಸಿ ಹೋಗಿ ನಿಂತರು. ಆ ಸಂಜೆಯೂ ಆರಕ್ಕೆ ಆರು ಉತ್ತರ ಬಂತು. ಆರು ಸಲವೂ ಅವರು ನನ್ನ ಮುಂದೆ ನೀರು ಉಗುಳಿದರು. ಹಕ್ಕಿ ಇರುವ ಬೀದಿಗಳಿಂದಲೇ ಅವರು ಶುರು ಮಾಡಿಸಿದ್ದರು ಅಷ್ಟೇ ಎಂದುಕೊಂಡೆ, ಸಂಶಯ ಮುಕ್ಕಾಲು ಪಾಲು ಹೋಯಿತು. ಕಾಲು ಪಾಲು ಉಳಿಯಿತು.

ಭದ್ರಾವತಿಯ ಕೆಲಸ ಶುರುವಾದದ್ದು ಶಿವರಾತ್ರಿ ಕಳೆದ ಮೇಲೆ, ಒಂದು ಹಳೆಯ ಕಾರ್ಮಿಕರ ಬಡಾವಣೆಯಲ್ಲಿ. ಸಾಲು ಸಾಲು ಹೆಂಚಿನ ಮನೆ, ಮನೆಗೊಂದು ಮರ, ಸಾಲಿನ ಹಿಂದೆ ಜಾಡಮಾಲಿಗಳು ಓಡಾಡಲೆಂದು ಬಿಟ್ಟ ಕಿರಿದಾದ ಗಲ್ಲಿ. ಹಾಲಕ್ಕಿಗೆ ಇದಕ್ಕಿಂತ ಒಳ್ಳೆಯ ಊರಿಲ್ಲ. ಆದರೆ ಮನುಷ್ಯರು ನನ್ನನ್ನು ನಂಬಲಿಲ್ಲ. ಸಂಜೆ ಆರೂವರೆಗೆ ಕಂಬದ ಬಳಿ ಹಲಗೆ ಹಿಡಿದು ನಿಂತರೆ ಬಾಗಿಲು ಬಾಗಿಲಿನಲ್ಲೂ ಒಂದೊಂದು ತಲೆ.

"ಕರೆಂಟ್ ಕದ್ದಿದ್ದು ಹಿಡಿಯೋಕ್ ಬಂದಿದೀರಾ?"

"ಇಲ್ಲ, ಹಕ್ಕಿ ಎಣಿಸ್ತಿದೀನಿ."

"ಹಕ್ಕಿ ಎಣ್ಸೋಕೆ ಸರ್ಕಾರ ಕೆಲಸ ಕೊಡುತ್ತೇನ್ರೀ? ನಮ್ಮ ಹುಡುಗಿಗೂ ಒಂದು ಕೊಡ್ಸಿ ಹಂಗಾದ್ರೆ!"

ಮನೆ ಖಾಲಿ ಮಾಡಿಸುವವರ ಕಡೆಯವಳು ಎಂದು ಒಬ್ಬರು, ಮಕ್ಕಳ ಕಳ್ಳರಿಗೆ ಜಾಗ ನೋಡಿಕೊಡುವವಳು ಎಂದು ಇನ್ನೊಬ್ಬರು. ಗೂಬೆಯ ಕೂಗು ಟೇಪಿನಿಂದ ಬರುತ್ತಿದೆ ಎಂದು ತೋರಿಸಿದರೆ ಇನ್ನೂ ಕೆಟ್ಟಿತು. "ಸಂಜೆ ಹೊತ್ನಲ್ಲಿ ಮನೆ ಮುಂದೆ ಗೂಬೆ ಕೂಗ್ಸ್ತಾಳಲ್ಲ, ನಡಿಯಮ್ಮಾ ಅತ್ಲಾಗೆ" ಎಂದು ಒಬ್ಬ ಅಜ್ಜಿ ಮೊರ ತೋರಿಸಿದರು. ಎರಡು ಬಿಂದುಗಳನ್ನು ಅರ್ಧಕ್ಕೇ ಬಿಡಬೇಕಾಯಿತು.

ಆಗ ಎರಡು ತೀರ್ಮಾನ ಮಾಡಿದೆ. ಯಜಮಾನರಿಗೆ ತೇಪೆ ಕೋಟು ಹಾಕದೆ ಬರಲು ಹೇಳಿದೆ, ಅದನ್ನು ಕಂಡರೆ ಜನ ಹೆದರುತ್ತಾರೆಂದು. ನಾನು ಬೀದಿ ಬಿಟ್ಟು ಹಿಂದಿನ ಗಲ್ಲಿಯಲ್ಲಿ ನಿಂತು ಟೇಪು ಹಾಕತೊಡಗಿದೆ. ಬೀದಿಗೂ ಗಲ್ಲಿಗೂ ಹತ್ತು ಹದಿನೈದು ಹೆಜ್ಜೆ ವ್ಯತ್ಯಾಸ. ನಕಾಶೆಯಲ್ಲಿ ಅದು ಪೆನ್ಸಿಲಿನ ಮೊನೆಯಷ್ಟೂ ಇಲ್ಲ. ಯಾರೂ ನೋಡುವುದಿಲ್ಲ, ಯಾರೂ ಕೇಳುವುದಿಲ್ಲ.

ಯಜಮಾನರಿಗೆ ಇದು ಹಿಡಿಸಲಿಲ್ಲ.

"ಹಿತ್ಲಲ್ಲಿ ನಿಂತು ಕೂಗಿಸ್ಬೇಡಿ ತಾಯಿ. ನಮ್ಮ ಕಸುಬಲ್ಲಿ ಅದಿಲ್ಲ. ಒಳ್ಳೇದಾಗ್ಲಿ ಕೆಟ್ಟದ್ದಾಗ್ಲಿ, ಮುಂಬಾಗ್ಲಲ್ಲಿ ನಿಂತು ಮುಖ ತೋರ್ಸಿ ಹೇಳ್ಬೇಕು. ಬೈಯ್ಯೋರು ಬೈತಾರೆ. ಬೈಸ್ಕೊಳ್ಳೋದೂ ಕಸುಬೇ."

"ನಾವು ಶಕುನ ಹೇಳೋಕೆ ಬಂದಿಲ್ವಲ್ಲ ಯಜಮಾನ್ರೇ."

"ನೀವು ಹೇಳಲ್ಲ. ಒಳಗೆ ಇರೋರು ಕೇಳಿಸ್ಕೊಳ್ತಾರಲ್ಲ."

ಆ ಮಾತು ನನಗೆ ತಟ್ಟಲಿಲ್ಲ. ಹತ್ತು ದಿನದಲ್ಲಿ ಬಡಾವಣೆ ಮುಗಿಸಬೇಕೆಂಬುದೊಂದೇ ತಲೆಯಲ್ಲಿತ್ತು.

ಹದಿನಾಲ್ಕನೇ ಬಿಂದು ಒಂದು ಸಾಲಿನ ಕೊನೆಯಿಂದ ಮೂರನೆಯ ಮನೆಯ ಹಿಂದೆ ಬಿದ್ದಿತ್ತು. ಕಾಂಪೌಂಡಿನ ಆಚೆ ನುಗ್ಗೇಮರ, ಅದರಾಚೆ ಹಸಿರು ಬಣ್ಣದ ಒಂದು ಸಣ್ಣ ಕಿಟಕಿ. ಸದಾ ಅರ್ಧ ತೆರೆದಿರುತ್ತಿತ್ತು. ಅದು ಬಚ್ಚಲುಮನೆಯದಿರಬೇಕು ಎಂದುಕೊಂಡಿದ್ದೆ. ಮೊದಲ ಸಂಜೆ ಟೇಪು ಹಾಕಿದೆ, ಬೀದಿಯ ತಿರುವಿನ ಹುಣಸೇಮರದಿಂದ ಹಕ್ಕಿ ಉತ್ತರ ಕೊಟ್ಟಿತು. ಎರಡು ದಿನ ಬಿಟ್ಟು ಎರಡನೆಯ ಸಲ. ಆಗಲೂ ಉತ್ತರ. ನಮೂನೆಯಲ್ಲಿ "ಉತ್ತಮ" ಎಂದು ಬರೆದಿದ್ದೇನೆ.

ಆ ಕಿಟಕಿಯ ಒಳಗೆ ಮಂಚದ ಮೇಲೆ ಒಬ್ಬ ನಿವೃತ್ತ ಕಾರ್ಮಿಕರು ಮಲಗಿದ್ದರೆಂದು ಆಮೇಲೆ ತಿಳಿಯಿತು. ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ದುಡಿದವರು. ಒಂದು ತಿಂಗಳಿಂದ ಕಾಯಿಲೆ. ಚೇತರಿಸಿಕೊಳ್ಳುತ್ತಿದ್ದಾರೆ ಎಂದು ಡಾಕ್ಟರು ಹೇಳಿದ್ದರಂತೆ. ಮೊದಲ ಸಂಜೆ ತಲೆಯಿಂದ ಎಂಟು ಅಡಿ ದೂರದಲ್ಲಿ ಹಾಲಕ್ಕಿ ಕೂಗಿದ್ದನ್ನು ಕೇಳಿ ಅವರು ಮಗನನ್ನು ಕರೆದು "ನುಗ್ಗೇಮರ ನೋಡು" ಎಂದರಂತೆ. ಮಗ ಟಾರ್ಚು ಹಿಡಿದು ಹಿತ್ತಿಲಿಗೆ ಬರುವಷ್ಟರಲ್ಲಿ ನಾನು ಹುಣಸೇಮರದ ಕಡೆ ಹೋಗಿದ್ದೆ. ಮರದಲ್ಲಿ ಹಕ್ಕಿ ಇರಲಿಲ್ಲ. ಎರಡನೆಯ ಸಲವೂ ಕೂಗಿತು, ಆಗಲೂ ಹಕ್ಕಿ ಇರಲಿಲ್ಲ. ಇಲ್ಲದ ಹಕ್ಕಿ ಎರಡು ಸಲ ಕರೆದಿದೆ, ಮೂರನೆಯ ಸಲಕ್ಕೆ ಹೊರಡಬೇಕು ಎಂದುಕೊಂಡು ಅವರು ಮಾತ್ರೆ ಬಿಟ್ಟರು, ಗಂಜಿಯನ್ನೂ ಬಿಟ್ಟರು. ಈ ನಡುವೆ ಯಜಮಾನರು ತಮ್ಮ ಕಸುಬಿನ ಮೇಲೆ ನಸುಕಿನಲ್ಲಿ ಅದೇ ಬೀದಿಗೆ ಹೋಗಿ, ಆ ಮನೆಯ ಮುಂದೆ "ಹಿರೀಕರನ್ನ ಜೋಪಾನ ಮಾಡ್ಕೊಳ್ಳಿ" ಎಂದು ನುಡಿದು ಬಂದಿದ್ದರು. ಎಲ್ಲ ಮನೆಯ ಮುಂದೆಯೂ ಅವರು ಅದನ್ನೇ ನುಡಿಯುವುದು.

ಮೂರನೆಯ ಸಂಜೆ ಟೇಪಿನ ಸೆಲ್ಲುಗಳು ಸೋತಿದ್ದವು. ಹಿಂದಿನ ಐದು ಬಿಂದುಗಳಲ್ಲಿ ದನಿ ಸ್ವಲ್ಪ ಎಳೆದಂತೆ ಕೇಳಿತ್ತು. ಇದೊಂದು ಮುಗಿಸಿಬಿಡೋಣ, ನಾಳೆ ಹೊಸ ಸೆಲ್ಲು ಹಾಕೋಣ ಎಂದುಕೊಂಡೆ. ಯಜಮಾನರು ಬೀದಿಯ ತಿರುವಿನ ಕಡೆಗೆ ಹೋದರು. ನಾನು ಗಲ್ಲಿಯಲ್ಲಿ ನಿಂತು ಎರಡು ನಿಮಿಷ ಕಾದು ಗುಂಡಿ ಒತ್ತಿದೆ. ಒಂದು ನಿಮಿಷ ಕೂಗಿತು. ನಿಲ್ಲಿಸಿ, ಹೆಗಲಿನ ಸಣ್ಣ ರೆಕಾರ್ಡರನ್ನು ಚಾಲೂ ಮಾಡಿದೆ. ಹುಣಸೇಮರದಿಂದ ಒಂದು ಸಣ್ಣ ಕೂಗು ಬಂದು ನಿಂತಿತು. ಯಜಮಾನರು ಕೋಲನ್ನು ಮಲಗಿಸಿರಬೇಕು.

ಆಗ ಗದ್ದಲ ಕೇಳಿತು.

ಗಲ್ಲಿಯ ತುದಿಗೆ ಓಡಿ ನೀರಿನ ತೊಟ್ಟಿಯ ಗೋಡೆಯ ಹಿಂದೆ ನಿಂತೆ. ಬೀದಿದೀಪ ಆಗಲೇ ಹೊತ್ತಿತ್ತು. ಆಗತಾನೇ ಪಾಳಿ ಬಿಟ್ಟು ಸೈಕಲ್ ಮೇಲೆ ಬಂದವರು, ಬೀದಿಯ ಗಂಡಸರು, ಹದಿನೈದು ಇಪ್ಪತ್ತು ಜನ ಯಜಮಾನರ ಸುತ್ತ ಇದ್ದರು. ಕೋಲು ನೆಲದ ಮೇಲಿತ್ತು. ಆ ಸಂಜೆ ಅವರು ನಿಂತ ಜಾಗದಿಂದ ಹುಣಸೇಮರಕ್ಕೆ ಎಳೆದ ಗೆರೆಯನ್ನು ಮುಂದುವರಿಸಿದರೆ ಅದು ನೇರ ಕಾಯಿಲೆಯವರ ಮನೆಯ ಬಾಗಿಲಿಗೆ ಹೋಗಿ ಮುಟ್ಟುತ್ತಿತ್ತು.

ಮುಂದಿನದೆಲ್ಲ ನನ್ನ ನೆನಪಲ್ಲ. ಕ್ಯಾಸೆಟ್ಟಿನಲ್ಲಿದೆ. ರೆಕಾರ್ಡರ್ ನಿಲ್ಲಿಸಲು ನಾನು ಮರೆತಿದ್ದೆ.

"ಕೋಲು ಯಾಕೋ ಇಟ್ಟೆ ಇಲ್ಲಿ?"

"ಹಕ್ಕಿ ನೋಡ್ತಿದ್ದೆ ಸ್ವಾಮಿ."

"ಹಕ್ಕಿ ನೋಡೋಕೆ ಕೋಲ್ಯಾಕೆ? ನಮ್ಮನೆ ಕಡೀಕೇ ಯಾಕ್ ತಿರುಗ್ಸಿದೀಯ?" ಇದು ಕಾಯಿಲೆಯವರ ಮಗ. ದನಿ ನಡುಗುತ್ತದೆ.

"ಇವ್ನೇ ಕಣ್ರೋ, ಬೆಳಿಗ್ಗೆ ಕೋಟು ಹಾಕ್ಕೊಂಡು ಬರೋನು! ಈಗ್ ನೋಡಿ, ಕೋಟಿಲ್ಲ. ವೇಷ ಬಿಚ್ಚಿಟ್ಟು ಬಂದವ್ನೆ."

"ಸಂಜೆ ಕೂಗೋದು, ಬೆಳಿಗ್ಗೆ ಬಂದು ಶಕುನ ಹೇಳೋದು. ಎರಡೂ ಇವ್ನೇ."

"ಯಾರ ಜೊತೆ ಬಂದಿದೀಯ? ಇನ್ಯಾರಿದಾರೆ?"

ಇಲ್ಲಿ ಒಂದು ಸಣ್ಣ ಅಂತರವಿದೆ. ಆ ಅಂತರದಲ್ಲಿ ಯಜಮಾನರು ತೊಟ್ಟಿಯ ಕಡೆ ನೋಡಿದರು. ನನ್ನನ್ನು ನೋಡಿದರು. ಅದು ಕ್ಯಾಸೆಟ್ಟಿನಲ್ಲಿ ಇಲ್ಲ, ನನ್ನಲ್ಲಿದೆ.

"ಒಬ್ನೇ ಸ್ವಾಮಿ."

ಮೊದಲ ಏಟು ಬಿತ್ತು. ಒಂದು ಹೆಂಗಸಿನ ದನಿ "ವಿಡುಪ್ಪಾ, ವಯಸಾನವರು" ಎಂದು ತಮಿಳಿನಲ್ಲಿ ಗೋಗರೆಯುತ್ತದೆ, ಬಿಡಪ್ಪ, ವಯಸ್ಸಾದವರು ಎಂದು. ಅವರ ಚೀಲ ಕಿತ್ತುಕೊಂಡು ಸುರಿದ ಸದ್ದು. ಬುಡಬುಡಿಕೆ ಕಲ್ಲಿನ ಮೇಲೆ ಬಿದ್ದು ಒಂದು ಸಲ ತಾನಾಗಿಯೇ ನುಡಿಯುತ್ತದೆ. ಆಮೇಲೆ ಅದನ್ನು ಯಾರೋ ತುಳಿಯುತ್ತಾರೆ. "ಸೀಮೆಎಣ್ಣೆ ತಗಂಬಾರೋ" ಎಂದು ಒಬ್ಬ ಕೂಗುತ್ತಾನೆ. ತಮಾಷೆಗೆ ಹೇಳಿದನೆಂದು ಆಮೇಲೆ ಕೆಲವರು ಸಮಾಧಾನ ಹೇಳಿದರು. ಆದರೆ ಸ್ವಲ್ಪ ಹೊತ್ತಿಗೆ ತಗಡಿನ ಡಬ್ಬದ ಹಿಡಿ ಅಲ್ಲಾಡುವ ಸದ್ದು ಬರುತ್ತದೆ. ಅದು ತಮಾಷೆಯ ಸದ್ದಲ್ಲ.

ನಾನು ಗೋಡೆಯ ಹಿಂದೆಯೇ ಇದ್ದೆ. ಕಾಲು ಏಳಲಿಲ್ಲ ಎಂದು ಬರೆಯಬಹುದು. ನಿಜವೆಂದರೆ ಕಾಲು ಚೆನ್ನಾಗಿಯೇ ಇತ್ತು. ಗಲ್ಲಿಯ ಇನ್ನೊಂದು ತುದಿಯಿಂದ ಬಸ್ ಸ್ಟಾಪು ಎಷ್ಟು ದೂರ ಎಂದು ಲೆಕ್ಕ ಹಾಕಿದ್ದೂ ನೆನಪಿದೆ.

ಯಜಮಾನರು ಏನೋ ಹೇಳಲು ಬಾಯಿ ತೆರೆದರು. "ಮಂತ್ರ ಹಾಕ್ತಾನೆ, ಬಾಯಿ ಮುಚ್ರೋ" ಎಂದು ಒಬ್ಬ ಹಿಂದಿನಿಂದ ಅಂಗೈಯನ್ನು ಅವರ ಬಾಯಿಗೆ ಒತ್ತಿಹಿಡಿದ. ಇಬ್ಬರು ಕೈ ಹಿಡಿದಿದ್ದರು. ಅಷ್ಟು ಹೊತ್ತಿಗೆ ಹುಣಸೇಮರದಲ್ಲಿ ಹಾಲಕ್ಕಿ ಕೂಗಿತು. ಜೋಡಿ ಹಕ್ಕಿ. ನಾನು ಆ ಇಡೀ ಕೆಲಸದಲ್ಲಿ ಕೇಳಿದ ಎಲ್ಲಕ್ಕಿಂತ ಜೋರಾದ ಕೂಗು ಅದು. ಕ್ಯಾಸೆಟ್ಟಿನಲ್ಲಿ ದನಿ ಒಡೆದುಹೋಗಿದೆ.

ಇಪ್ಪತ್ತು ಜನ ಗಪ್ಪೆಂದು ನಿಂತರು. ಯಜಮಾನರ ಬಾಯಿ ಮುಚ್ಚಿತ್ತು, ಹಕ್ಕಿ ಕೂಗುತ್ತಿತ್ತು. ನೀರು ತುಂಬಿದ ಆ ಉಬ್ಬಿದ ಕೆನ್ನೆ ನನ್ನ ಕಣ್ಣ ಮುಂದೆ ಬಂತು. ಇದೇ ಪರೀಕ್ಷೆಯನ್ನು ನಾನು ಮಾಡಿದ್ದೆ. ಇವರು ಕೈಯಿಂದ ಮಾಡುತ್ತಿದ್ದಾರೆ, ಅಷ್ಟೇ.

ಹೊರಗೆ ಬಂದೆ.

"ಕೂಗಿಸಿದ್ದು ನಾನು. ಅವರಲ್ಲ. ಟೇಪು. ಈ ಟೇಪು."

"ಮೇಡಂ, ನೀವ್ಯಾರು? ನೀವು ಸುಮ್ನೆ ಹೋಗಿ."

"ನಾನೇ ಗಲ್ಲಿಯಲ್ಲಿ ನಿಂತು ಹಾಕಿದ್ದು. ಮೂರು ದಿನವೂ ನಾನೇ."

"ಇವ್ನನ್ನ ಬಿಡಿಸೋಕೆ ಹೇಳ್ತಿದಾರೆ. ಓದಿದೋರು, ಪಾಪ. ಇವ್ನು ಯಾಮಾರ್ಸಿದಾನೆ."

ಅವರು ನನ್ನನ್ನು ಹೊಡೆಯುವುದಿರಲಿ, ಬೈಯಲೂ ಇಲ್ಲ. ಸಲ್ವಾರ್ ಕಮೀಜು, ಕನ್ನಡಕ, ಕೈಯಲ್ಲಿ ಹಲಗೆ. ನಾನು ತಪ್ಪು ಮಾಡಿರಲು ಸಾಧ್ಯ ಎಂದು ಯಾರಿಗೂ ಅನ್ನಿಸಲಿಲ್ಲ. ಟೇಪನ್ನು ನೆಲದ ಮೇಲಿಟ್ಟು ಗುಂಡಿ ಒತ್ತಿದೆ. ಸೆಲ್ಲು ಪೂರ್ತಿ ಸೋತಿತ್ತು. ಹಾಲಕ್ಕಿಯ ಬದಲು ಯಾರೋ ನೆಲದಡಿಯಿಂದ ನರಳುವಂಥ ದಪ್ಪನೆಯ ದನಿ ಹೊರಟಿತು. ನಾಲ್ಕು ಜನ ಹಿಂದಕ್ಕೆ ಜಿಗಿದರು. "ಇದೇನಿದು, ಇದು ಹಕ್ಕಿನಾ?" ಎಂದು ಒಬ್ಬ. "ಇದರೊಳಗೂ ಏನೋ ಮಾಡಿಟ್ಟವ್ನೆ" ಎಂದು ಇನ್ನೊಬ್ಬ. ಡಬ್ಬ ಹಿಡಿದವನು ಒಂದು ಹೆಜ್ಜೆ ಮುಂದೆ ಬಂದ. ನಾನು ಗುಂಡಿಯನ್ನು ನಿಲ್ಲಿಸಿ, ಮತ್ತೆ ಒತ್ತಿ, ಮತ್ತೆ ನಿಲ್ಲಿಸಿದೆ. ಸೆಲ್ಲು ಹೊರಗೆ ತೆಗೆದು ಉಜ್ಜಿ ಹಾಕಿ ಮತ್ತೆ ಒತ್ತಿದೆ. ಅದೇ ನರಳಿಕೆ.

ಆಗ ಮನೆಯೊಳಗಿನಿಂದ ಲೋಟದಿಂದ ಕಿಟಕಿಯ ಸರಳು ಬಡಿಯುವ ಸದ್ದು ಕೇಳಿತು. ಬಿಡದೆ ಬಡಿಯುತ್ತಿತ್ತು. ಮಗ ಒಳಗೆ ಓಡಿದ. ಒಂದು ಕ್ಷಣದಲ್ಲಿ ಬಾಗಿಲಿಗೆ ಬಂದು, "ಅಪ್ಪ ಕರೀತಿದಾರೆ. ಆ ಪೆಟ್ಟಿಗೆ ತರ್ಬೇಕಂತೆ" ಎಂದ.

ನಾನು, ನನ್ನ ಹಿಂದೆ ಹತ್ತು ಜನ, ಆ ಸಣ್ಣ ಕೋಣೆಗೆ ಹೋದೆವು. ಹೊರಗೆ ಯಜಮಾನರನ್ನು ಹಿಡಿದೇ ಇದ್ದರು. ಮಂಚದ ಮೇಲೆ ಎಲುಬಿನ ಹಂದರದಂತಿದ್ದ ಹಿರಿಯರು ಮೊಣಕೈ ಊರಿ ಎದ್ದಿದ್ದರು.

"ಕೂಗಿಸ್ಬೇಡಮ್ಮ. ಸೆಲ್ಲು ತೆಗ್ದು ಗುಂಡಿ ಒತ್ತು ಸಾಕು."

ಒತ್ತಿದೆ. ಟಕ್.

"ಬಿಡು."

ಬಿಟ್ಟೆ. ಟಕ್.

ಅವರು ಕಣ್ಣು ಮುಚ್ಚಿ ಕೇಳಿದರು. "ಇದೇ ಕಣೋ. ಮೂರು ದಿನವೂ ಕೂಗೋಕ್ ಮುಂಚೆ ಒಂದು ಟಕ್, ಕೂಗಿದ್ ಮೇಲೆ ಒಂದು ಟಕ್. ಯಮ ಬಾಗ್ಲ ಚಿಲ್ಕ ತೆಗೀತಾನೆ ಅಂದ್ಕೊಂಡೆ ನಾನು. ಸ್ಪ್ರಿಂಗಿನ ಸದ್ದು! ಮೂವತ್ತು ವರ್ಷ ಯಂತ್ರ ಕೇಳಿದ ಕಿವಿ, ಸ್ಪ್ರಿಂಗು ಗೊತ್ತಾಗ್ಲಿಲ್ವಲ್ಲೋ ಮಾರಾಯ." ಮಗನ ಕಡೆ ತಿರುಗಿ, "ಹೋಗಿ ಆ ಮುದುಕನ್ನ ಬಿಡ್ಸು ಮೊದ್ಲು" ಎಂದರು. ಆಮೇಲೆ ನನ್ನನ್ನು ನೋಡಿ, "ಏನಮ್ಮಾ, ನನ್ ತಲೆ ಹತ್ರಾನೇ ಬೇಕಿತ್ತಾ ನಿಂಗೆ?" ಎಂದರು.

ಬಿಟ್ಟರು. ಯಜಮಾನರ ಹುಬ್ಬಿನ ಮೇಲೆ ಒಡೆದಿತ್ತು, ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಮಗನೇ ನಲ್ಲಿಯ ಹತ್ತಿರ ಕೂರಿಸಿ ಮುಖ ತೊಳೆದ. ಮನೆಯಾಕೆ ಕಾಫಿ ತಂದುಕೊಟ್ಟರು. ಗುಂಪು ಕರಗಿತು. ಕೈಮಾಡಿದವರು ಯಾರೆಂದು ಹೇಳುವವರೇ ಇರಲಿಲ್ಲ. ಸೀಮೆಎಣ್ಣೆಯ ಡಬ್ಬ ಕಂಬದ ಬುಡದಲ್ಲಿ ಒಂಟಿಯಾಗಿ ಉಳಿದಿತ್ತು, ತನ್ನದೆಂದು ಯಾರೂ ಎತ್ತಿಕೊಳ್ಳಲಿಲ್ಲ.

ಆಸ್ಪತ್ರೆಗೆ ಆಟೋದಲ್ಲಿ ಹೋಗುವಾಗ ಕೇಳಿದೆ. "ನನ್ನ ಹೆಸರು ಯಾಕೆ ಹೇಳ್ಲಿಲ್ಲ ಯಜಮಾನ್ರೇ? ಒಬ್ನೇ ಅಂದ್ರಲ್ಲ."

ಅವರು ಹರಿದ ಬುಡಬುಡಿಕೆಯ ಚರ್ಮವನ್ನು ಎಡಗೈ ಹೆಬ್ಬೆರಳಿನಿಂದ ನೀವುತ್ತಿದ್ದರು.

"ಹೇಳಿ, ನೀವು ಬಂದು ಅಲ್ಲ ಅಂದ್ಬಿಟ್ಟಿದ್ರೆ? ಬಾಯಿಗೆ ನೀರು ತುಂಬ್ಸಿ ನೋಡಿದೋರು ನೀವು. ಉಸಿರಿನ ಸದ್ದು ಅಂದ್ರಿ. ನನಗೆ ಅಷ್ಟೂ ಗೊತ್ತಾಗಲ್ವಾ ತಾಯಿ?" ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದರು. "ಅವರು ಹೊಡೆದಿದ್ದು ಬಿಡಿ, ಅಪ್ಪನಿಗೇನಾಗುತ್ತೋ ಅನ್ನೋ ಭಯಕ್ಕೆ ಹೊಡೆದ್ರು."

ಮರುದಿನ ಮೇಷ್ಟ್ರ ಮುಂದೆ ಕ್ಯಾಸೆಟ್ ಹಾಕಿದೆ. ಡಬ್ಬದ ಸದ್ದು ಬರುವ ಜಾಗದಲ್ಲಿ ಅವರೇ ಎದ್ದು ನಿಲ್ಲಿಸಿದರು. ಅವತ್ತಿನಿಂದ ಟೇಪು ಹಾಕುವುದನ್ನು ಬಿಟ್ಟೆವು. ಬೀದಿಯಲ್ಲಿ, ದೀಪದ ಕೆಳಗೆ, ಬಾಗಿಲು ತಟ್ಟಿ ಹೇಳಿ, ಸುಮ್ಮನೆ ನಿಂತು ಕೇಳುವುದಷ್ಟೇ. ಹಕ್ಕಿಗಳ ಎಣಿಕೆ ಅರ್ಧಕ್ಕಿಳಿಯಿತು. ವರದಿಯಲ್ಲಿ ಅದಕ್ಕೆ ಕಾರಣ "ವಿಧಾನದ ಬದಲಾವಣೆ" ಎಂದಿದೆ. ಕಾಯಿಲೆಯವರು ಅವತ್ತು ರಾತ್ರಿಯೇ ಗಂಜಿ ಕುಡಿದರೆಂದು ಮಗ ಕಾಲೇಜಿಗೆ ಫೋನು ಮಾಡಿ ತಿಳಿಸಿದ. ಆಮೇಲೆ ಅವರು ಎಷ್ಟು ಕಾಲ ಇದ್ದರೋ ನನಗೆ ಗೊತ್ತಿಲ್ಲ. ಹೋಗಿ ಕೇಳುವ ಧೈರ್ಯ ಆಗಲಿಲ್ಲ.

ಯಜಮಾನರು ಕೆಲಸಕ್ಕೆ ಮರಳಲಿಲ್ಲ. ಬುಡಬುಡಿಕೆ ಹೊಸದು ಮಾಡಿಸಿಕೊಡುತ್ತೇನೆ ಎಂದು ಹೇಳಿಕಳಿಸಿದೆ. "ಅದನ್ನ ಕಸುಬಿನೋರೇ ಕಟ್ಟಬೇಕು" ಎಂದು ಉತ್ತರ ಬಂತು.

ಕ್ಯಾಸೆಟ್ ನನ್ನ ಹತ್ತಿರವೇ ಉಳಿಯಿತು. ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೋಲಿನ ಬಗ್ಗೆ ಕೇಳಿದ ಮೊದಲ ಮಾತಿನಿಂದ "ಕೂಗಿಸಿದ್ದು ನಾನು" ಎಂಬ ನನ್ನ ಮಾತಿನವರೆಗೆ ನಾಲ್ಕು ನಿಮಿಷ ನಲವತ್ತು ಸೆಕೆಂಡು. ಪ್ರತಿ ಸಲವೂ ಈ ಸಲ ಸ್ವಲ್ಪ ಬೇಗ ಹೊರಗೆ ಬಂದೇನು ಎಂಬಂತೆ ಕೇಳುತ್ತೇನೆ.

ಮುಂದಿನ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ನಸುಕಿನಲ್ಲಿ ಹೊಸಮನೆಯ ನಮ್ಮ ಬೀದಿಯಲ್ಲಿ ಬುಡಬುಡಿಕೆ ಕೇಳಿತು. ಎದ್ದು ಕಿಟಕಿಗೆ ಬಂದೆ. ತೇಪೆ ಕೋಟು, ರುಮಾಲು, ಬಲಗೈಯಲ್ಲಿರುತ್ತಿದ್ದ ಬುಡಬುಡಿಕೆ ಈಗ ಎಡಗೈಯಲ್ಲಿ. ಎದುರು ಸಾಲಿನ ಒಂದೊಂದು ಮನೆಯ ಮುಂದೂ ನಿಂತು, "ಹಾಲಕ್ಕಿ ನುಡಿತೈತೆ, ಶುಭ ನುಡಿತೈತೆ, ಹಿರೀಕರನ್ನ ಜೋಪಾನ ಮಾಡ್ಕೊಳ್ಳಿ" ಎಂದು ಹೇಳಿ ಮುಂದೆ ಬರುತ್ತಿದ್ದರು. ನಮ್ಮ ಪಕ್ಕದ ಮನೆಗೂ ಹೇಳಿದರು. ಬಿಸಿಲೇರುವವರೆಗೆ ಕಾಯದೆ ಅಕ್ಕಿಯ ತಟ್ಟೆ ಹಿಡಿದು ನಾನು ಬಾಗಿಲು ತೆಗೆದೆ.

ನಮ್ಮ ಗೇಟಿನ ಮುಂದೆ ಅವರು ನಿಂತರು. ಕಿಟಕಿ, ಬಾಗಿಲು, ಬಾಗಿಲಲ್ಲಿ ನಿಂತ ನಾನು, ಎಲ್ಲವನ್ನೂ ನೋಡಿದರು. ಕೈಯಲ್ಲಿದ್ದ ಬುಡಬುಡಿಕೆ ಅಲುಗಲಿಲ್ಲ. ಸುಮಾರು ಎರಡು ನಿಮಿಷ ಹಾಗೇ ಇದ್ದರು. ಬಿಂದುವಿಗೆ ಹೋದ ಕೂಡಲೇ ಇಬ್ಬರೂ ಮಾತಾಡದೆ ನಿಲ್ಲುತ್ತಿದ್ದೆವಲ್ಲ, ಹಾಗೆ. ಆಮೇಲೆ ಒಂದು ಮಾತೂ ನುಡಿಯದೆ ಮುಂದಿನ ಮನೆಗೆ ಹೋಗಿ ಮತ್ತೆ ಆಡಿಸತೊಡಗಿದರು.